ಹೊಸ್ತಿಲಿಗಿಂತ ಎತ್ತರವಾದ ರಸ್ತೆ

ನಾನು ಕೆಲಸಕ್ಕೆ ಸೇರಿದಾಗ ರಸ್ತೆ ಮಾಡುವುದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ. ಅದನ್ನು ಕಾಲೇಜಿನಲ್ಲಿ ಓದಿಕೊಂಡು ಬಂದಿರುತ್ತಾನೆ ಎಂದುಕೊಂಡಿದ್ದರು. ರಸ್ತೆಗೆಂದು ಬಂದ ದುಡ್ಡನ್ನು ಮಾರ್ಚ್ ತಿಂಗಳು ಮುಗಿಯುವುದರೊಳಗೆ ಖರ್ಚು ಹಾಕುವುದು ಹೇಗೆ ಎಂಬುದನ್ನು ಮಾತ್ರ ಕಚೇರಿಯಲ್ಲಿದ್ದವರೆಲ್ಲ ಹೇಳಿಕೊಟ್ಟರು. ಗುಮಾಸ್ತರು ಹೇಳಿಕೊಟ್ಟರು, ಜೀಪಿನ ಡ್ರೈವರ್ ಹೇಳಿಕೊಟ್ಟ, ಎದುರು ಹೋಟೆಲಿನ ಯಜಮಾನರೂ ಕಾಫಿ ಲೋಟ ಮುಂದಿಡುತ್ತ ಒಂದೆರಡು ಉಪಾಯ ಹೇಳಿದರು. ಮೂವತ್ತಕ್ಕೂ ಹೆಚ್ಚು ವರ್ಷ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿ ರಸ್ತೆಗಳಲ್ಲಿ ಇಂಜಿನಿಯರ್ ಎನಿಸಿಕೊಂಡು ಓಡಾಡಿ ಈಗ ನಿವೃತ್ತನಾಗಿ ಕೂತಿದ್ದೇನೆ. ಬಡ್ತಿ ಯಾವಾಗ ಬಂತು, ಶಾಲು ಯಾರು ಹೊದಿಸಿದರು ಎಂಬುದೆಲ್ಲ ಸರ್ವಿಸ್ ಬುಕ್ಕಿನಲ್ಲೂ ಮನೆಯ ಬೀರುವಿನಲ್ಲೂ ಇದೆ. ಈಗ ಇಲಾಖೆಗೆ ಸೇರುತ್ತಿರುವ ಮಕ್ಕಳಿಗೆ ಅಲ್ಲಿ ಇಲ್ಲದ್ದನ್ನು ಹೇಳಬೇಕು ಅನ್ನಿಸಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ದುಡ್ಡು ಹೊಡೆದವರ ಕಥೆ ಹೇಳುವುದಿಲ್ಲ. ಅದನ್ನು ಹೇಳುವವರು ಊರಿಗೆ ನಾಲ್ಕು ಜನ ಇದ್ದಾರೆ. ನಾನು ಹೇಳುವುದು ಒಂದು ರೂಪಾಯಿಯೂ ಕಳವಾಗದ, ಎಸ್ಟಿಮೇಟಿನಲ್ಲಿ ಬರೆದಷ್ಟೇ ಸಿಮೆಂಟು ಬಿದ್ದ, ಪರೀಕ್ಷೆಗೆ ಬಂದವರು ಬೆನ್ನು ತಟ್ಟಿ ಹೋದ ಕೆಲಸದ ಕಥೆ. ಅಂಥ ಕೆಲಸಕ್ಕೂ ಕೊನೆಗೆ ದುಡ್ಡು ಕೊಟ್ಟವರು ಯಾರು ಎನ್ನುವುದು ನನಗೆ ಗೊತ್ತಾಗುವಷ್ಟರಲ್ಲಿ ತಲೆ ಬೆಳ್ಳಗಾಗಿತ್ತು.

ನನಗೆ ಸಿಕ್ಕ ಮೇಲಧಿಕಾರಿಗಳಲ್ಲಿ ಮರೆಯದೆ ಉಳಿದವರು ರಂಗಸ್ವಾಮಿ ಸಾಹೇಬರು. ನಂಜನಗೂಡಿನ ಕಚೇರಿಯಲ್ಲಿ ತಾಲ್ಲೂಕಿನ ಕೆಲಸಕ್ಕೆಲ್ಲ ಅವರೇ ಯಜಮಾನರು. ಎಲ್ಲಿಂದಲೋ ಹುಡುಕಿ ತರಿಸಿದ ನಿಜವಾದ ರಸಬಾಳೆಯ ಚಿಪ್ಪೊಂದು ಅವರ ಮೇಜಿನ ಮೇಲೆ ಸದಾ ಇರುತ್ತಿತ್ತು. ಕಾಗದಪತ್ರ ಅದರ ಅಕ್ಕಪಕ್ಕ ಜಾಗ ಮಾಡಿಕೊಂಡು ಕೂರಬೇಕಿತ್ತು. ಎಲ್ಲೋ ಹೊರದೇಶದಲ್ಲಿ ಬ್ಯಾಂಕುಗಳು ಮುಳುಗಿದುವಂತೆ, ಅದಕ್ಕೆ ನಮ್ಮ ಆರ್ಥಿಕತೆಯನ್ನು ಎತ್ತಿ ನಿಲ್ಲಿಸಬೇಕಂತೆ, ಆದ್ದರಿಂದ ತಾಲ್ಲೂಕಿನಲ್ಲಿ ಇಷ್ಟು ಬಸ್ ತಂಗುದಾಣ, ಇಷ್ಟು ಕಾಂಕ್ರೀಟ್ ರಸ್ತೆ ತಕ್ಷಣ ಆಗಬೇಕು ಎಂದು ಒಂದು ದಿನ ಆದೇಶ ಬಂತು. ಅಲ್ಲಿ ಬ್ಯಾಂಕು ಮುಳುಗಿದ್ದಕ್ಕೆ ಇಲ್ಲಿ ತಂಗುದಾಣ ಯಾಕೆ ಏಳಬೇಕು ಎಂದು ನಾನು ಅವರನ್ನೇ ಕೇಳಿದೆ.

"ನೋಡಯ್ಯಾ, ಸರ್ಕಾರ ಎರಡು ಥರ ದುಡ್ಡು ಕಳಿಸುತ್ತೆ. ಜನ ಕೇಳಿದಾಗ ಒಂದು ಥರ, ತನಗೇ ಭಯ ಆದಾಗ ಇನ್ನೊಂದು ಥರ. ಮೊದಲನೇದು ನಡ್ಕೊಂಡು ಬರುತ್ತೆ, ಎರಡನೇದು ಓಡಿ ಬರುತ್ತೆ. ಓಡಿ ಬಂದಿದ್ದನ್ನ ಕೂರಿಸಿ ನೀರು ಕೊಡಬಾರದು. ಹಂಗೇ ಮುಂದಕ್ಕೆ ಓಡಿಸಬೇಕು," ಅಂದರು.

"ಸರಿ ಸಾರ್. ಈ ದುಡ್ಡು ಕೊನೆಗೆ ಯಾರು ಕೊಡ್ತಾರೆ?"

"ಸಾಲ ಕಣಯ್ಯಾ, ಸಾಲ."

"ತೀರಿಸೋರು?"

"ಇನ್ನೂ ಹುಟ್ಟದೇ ಇರೋರು."

"ಅವರು ಒಪ್ಪಿದ್ದಾರಾ ಸಾರ್?"

"ಒಪ್ಪದೇ ಇದ್ರೆ ಬಂದು ಅರ್ಜಿ ಕೊಡಲಿ, ನಾನೇ ಸಹಿ ಹಾಕಿ ಟಪಾಲಿಗೆ ಹಾಕ್ತೀನಿ," ಎಂದು ಹಣ್ಣಿನ ಸಿಪ್ಪೆ ಸುಲಿದರು. ನಾನೂ ನಕ್ಕೆ. ಅಂಥ ಮಾತಿಗೆ ನಕ್ಕುಬಿಟ್ಟರೆ ಕೆಲಸ ಸಲೀಸು.

ಈಗ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಹಳೆಯ ರಸ್ತೆ ಇರುವ ಬೀದಿಗೆ ಹೊಸ ರಸ್ತೆ ಹಾಕಬೇಕಾದರೆ ಮೊದಲು ಹಳೆಯದನ್ನು ಕಿತ್ತು ತೆಗೆಯಬೇಕು. ಅಕ್ಕಪಕ್ಕದ ಮನೆಗಳ ಬುನಾದಿ ಎಷ್ಟು ಎತ್ತರದಲ್ಲಿದೆ ನೋಡಿಕೊಂಡು, ಅದಕ್ಕಿಂತ ತಗ್ಗಿನಲ್ಲಿ ಹೊಸದನ್ನು ಹಾಕಬೇಕು. ಇದು ಪುಸ್ತಕದಲ್ಲಿರುವ ಕ್ರಮ. ಓಡಿ ಬಂದ ದುಡ್ಡಿನ ಕ್ರಮ ಬೇರೆ. ಕೀಳುವುದಕ್ಕೆ ದಿನ ಹಿಡಿಯುತ್ತದೆ, ಕಿತ್ತದ್ದನ್ನು ಸಾಗಿಸುವುದಕ್ಕೆ ಇನ್ನಷ್ಟು ದಿನ, ಮತ್ತು ಇಷ್ಟೆಲ್ಲ ಮಾಡಿದರೂ ಫೋಟೋದಲ್ಲಿ ಏನೂ ಕಾಣುವುದಿಲ್ಲ. ಆದ್ದರಿಂದ ಹಳೆಯ ರಸ್ತೆಯ ಮೇಲ್ಭಾಗವನ್ನೇ ಸೊನ್ನೆ ಎಂದು ಹಿಡಿದು ಅದರ ಮೇಲೆ ಆರು ಇಂಚು ಸುರಿಯುವುದು. ನಮ್ಮಲ್ಲಿ ಯಾವ ಕೆಲಸವೂ ಗುದ್ದಲಿ ಪೂಜೆ ಇಲ್ಲದೆ ಶುರುವಾಗುವುದಿಲ್ಲ. ಅರಿಸಿನ ಕುಂಕುಮ ಹಚ್ಚಿದ ಹೊಸ ಗುದ್ದಲಿಯಿಂದ ದೊಡ್ಡವರು ರಸ್ತೆಯ ಪಕ್ಕದ ಮಣ್ಣಿಗೆ ಮೂರು ಏಟು ಹಾಕುತ್ತಾರೆ. ಎಷ್ಟೋ ಬೀದಿಗಳಲ್ಲಿ ಇಡೀ ಕಾಮಗಾರಿಗೆ ನೆಲ ಅಗೆದದ್ದು ಆ ಮೂರು ಏಟು ಮಾತ್ರ. ಆಮೇಲೆ ಗುದ್ದಲಿ ಕಂಟ್ರಾಕ್ಟರ ಮನೆಗೆ ಹೋಗುತ್ತಿತ್ತು, ಕಾಯಿ ಹೋಳು ನಮ್ಮ ಮನೆಗೆ.

ನಂಜನಗೂಡು ತಾಲ್ಲೂಕಿನ ಒಂದು ಊರಲ್ಲಿ ನಾನು ಆ ವರ್ಷ ಕಟ್ಟಿಸಿದ ತಂಗುದಾಣಕ್ಕೆ ಒಳ್ಳೆಯ ಕಲ್ಲು ಬೆಂಚು ಹಾಕಿಸಿದ್ದೆ. ಮೊಣಕಾಲೆತ್ತರ, ಕೂರುವುದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಮುಂದಿನ ಹತ್ತು ವರ್ಷದಲ್ಲಿ ಅದರ ಮುಂದಿನ ರಸ್ತೆ ಒಂದರ ಮೇಲೊಂದು ಎರಡು ಸಲ ಆಯಿತು. ರಸ್ತೆಯ ನೀರು ಒಳಗೆ ನಿಲ್ಲುತ್ತದೆಂದು ತಂಗುದಾಣದ ನೆಲವನ್ನೂ ಎತ್ತರಿಸಿದರು. ಬೆಂಚನ್ನು ಎತ್ತರಿಸುವುದಕ್ಕೆ ಯಾರಿಗೂ ಆದೇಶ ಇರಲಿಲ್ಲ. ಒಮ್ಮೆ ಆ ದಾರಿಯಲ್ಲಿ ಹೋಗುವಾಗ ನೋಡುತ್ತೇನೆ, ಬೆಂಚು ನೆಲದಿಂದ ಒಂದು ಗೇಣು ಉಳಿದಿದೆ, ಅದರ ಮೇಲೆ ಒಬ್ಬ ಮುದುಕರು ಟವಲು ಹಾಸಿಕೊಂಡು ಮಲಗಿದ್ದಾರೆ.

"ಏನಜ್ಜಾ, ಇಲ್ಲಿ ಮಲಗಿದ್ದೀರಲ್ಲ?" ಅಂದೆ.

"ಮದ್ಲು ಕುಂತ್ಕತಿದ್ದೊ ಸಾ. ಈಗ ಕುಂತ್ರೆ ಮಂಡಿ ಮೂಗಿಗೆ ಬತ್ತದೆ. ಅದ್ಕೆ ಮನಿಕ್ಕತೀವಿ. ಬಸ್ಸು ಬರೋದೂ ಅಂಗೇ ಅಲ್ವಾ," ಅಂದರು.

ಇದನ್ನು ಕಚೇರಿಯಲ್ಲಿ ಹೇಳಿ ಹೇಳಿ ನಗಿಸಿದ್ದೇನೆ. ನನ್ನ ತಪ್ಪು ನಿಜವಾಗಿ ಅಲ್ಲೇ ಶುರುವಾದದ್ದು. ಬೆಂಚು ಮುಳುಗಿದರೆ ಮನೆಯೂ ಮುಳುಗುತ್ತದೆ ಎನ್ನುವಷ್ಟು ಯೋಚನೆ ಮಾಡಲಿಲ್ಲ, ನಕ್ಕು ಮುಂದಕ್ಕೆ ಹೋದೆ.

ಆಮೇಲೆ ನನ್ನನ್ನು ತಿ. ನರಸೀಪುರ ತಾಲ್ಲೂಕಿಗೆ ಹಾಕಿದರು. ಲಾಕ್‌ಡೌನ್ ಬಂತು, ಹೋಯಿತು, ಮತ್ತೆ ಬಂತು. ಕಚೇರಿಗಳೆಲ್ಲ ಸರಿಯಾಗಿ ತೆರೆದ ಮೇಲೆ ನಮ್ಮನ್ನೆಲ್ಲ ಮೈಸೂರಿನ ಒಂದು ಹೋಟೆಲಿಗೆ ಕರೆಸಿ ಒಂದು ದಿನದ ತರಬೇತಿ ಕೊಟ್ಟರು. ಕೋಟು ಹಾಕಿದ ಒಬ್ಬರು ಗೋಡೆಯ ಮೇಲೆ ದೊಡ್ಡ ಚಕ್ರ ತೋರಿಸಿದರು. ಸರ್ಕಾರದಿಂದ ರೂಪಾಯಿ ಹೊರಟು ಕಂಟ್ರಾಕ್ಟರಿಗೆ, ಅಲ್ಲಿಂದ ಕೂಲಿಯವನಿಗೆ, ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ತೆರಿಗೆಯಾಗಿ ಮತ್ತೆ ಸರ್ಕಾರಕ್ಕೆ. ಒಂದು ರೂಪಾಯಿ ನಾಲ್ಕು ಕೈ ದಾಟಿದರೆ ನಾಲ್ಕು ರೂಪಾಯಿಯ ಕೆಲಸವಾಯಿತು, ಯಾರಿಗೂ ನಷ್ಟವಿಲ್ಲ ಎಂದು ವಿವರಿಸಿದರು. ನನಗೆ ಬಹಳ ಇಷ್ಟವಾಗಿ ಡೈರಿಯಲ್ಲಿ ಬರೆದುಕೊಂಡೆ. ಹಾಗಾದರೆ ಮೊದಲನೆಯ ರೂಪಾಯಿ ಯಾರದು ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದಾಗ ಅವರು ಗಡಿಯಾರ ನೋಡಿ, "ಒಳ್ಳೆಯ ಪ್ರಶ್ನೆ, ಊಟ ಆದ ಮೇಲೆ ತಗೊಳ್ಳೋಣ" ಅಂದರು. ಊಟ ಚೆನ್ನಾಗಿತ್ತು. ಊಟ ಆದ ಮೇಲೆ ಮೊಬೈಲಿನಲ್ಲಿ ಫೋಟೋ ಹಾಕುವುದು ಹೇಗೆ ಎಂಬ ಪಾಠ ಶುರುವಾಯಿತು.

ಆ ಫೋಟೋ ವಿಷಯವೂ ನಿಮಗೆ ತಿಳಿದಿರಲಿ. ನಾವು ಸೇರಿದಾಗ ಸರಪಳಿ ಎಳೆದು ಅಳೆಯುತ್ತಿದ್ದೆವು, ಅಳತೆ ಪುಸ್ತಕದಲ್ಲಿ ಶಾಯಿಯಲ್ಲಿ ಬರೆಯುತ್ತಿದ್ದೆವು. ಬರೆಯುವಾಗ ಒಂದು ಗಳಿಗೆ ಯಾರದಾದರೂ ಜಗಲಿಯ ಮೇಲೆ ಕೂರುತ್ತಿದ್ದೆವು, ಮನೆಯವರು ನೀರೋ ಮಜ್ಜಿಗೆಯೋ ಕೊಡುತ್ತಿದ್ದರು, ಕೊಡುವಾಗ ಒಂದು ದೂರನ್ನೂ ಜೊತೆಗೆ ಕೊಡುತ್ತಿದ್ದರು. ಈಗ ಮೊಬೈಲ್ ಹಿಡಿದು ಕೆಲಸಕ್ಕೆ ಮುಂಚೆ ಒಂದು, ನಡುವೆ ಒಂದು, ಮುಗಿದ ಮೇಲೆ ಒಂದು ಫೋಟೋ ಒತ್ತಿದರೆ ಆಯಿತು. ಸುಳ್ಳು ಬರೆಯುವುದು ಕಷ್ಟವಾಯಿತು, ಅದು ಒಳ್ಳೆಯದೇ. ಆದರೆ ರಸ್ತೆ ಪೂರ್ತಿ ಕಾಣಬೇಕಾದರೆ ಬೀದಿಯ ಒಂದು ಪಕ್ಕದ ಮನೆಗೆ ಅಂಟಿಕೊಂಡು ನಿಲ್ಲಬೇಕು. ಹಾಗಾಗಿ ಫೋಟೋ ತೆಗೆಯುವಾಗೆಲ್ಲ ನನ್ನ ಬೆನ್ನು ಯಾರದಾದರೂ ಬಾಗಿಲಿಗೆ ಇರುತ್ತಿತ್ತು.

ಇನ್ನು ಆ ಬೀದಿಯ ವಿಷಯ. ತಿ. ನರಸೀಪುರದಿಂದ ಸೋಮನಾಥಪುರದ ಕಡೆಗೆ ಹೋಗುವಾಗ ಒಳಕ್ಕೆ ಸಿಗುವ ಒಂದು ಊರು. ಹೆಸರು ಬೇಡ. ಆರ್ಥಿಕತೆ ಎತ್ತುವ ಹೊಸ ಪ್ಯಾಕೇಜಿನಲ್ಲಿ ಆ ಊರಿನ ಕೆಳಬೀದಿಗೆ ಕಾಂಕ್ರೀಟ್ ರಸ್ತೆ ಮಂಜೂರಾಯಿತು. ಅದಾಗಲೇ ಎರಡು ಪದರ ರಸ್ತೆ ಆಗಿದ್ದ ಬೀದಿ. ಕೈಯಲ್ಲಿ ಕಾಸಿದ್ದವರೆಲ್ಲ ಹೊಸ ಮನೆ ಕಟ್ಟುವಾಗ ಮೂರು ಮೆಟ್ಟಿಲು ಎತ್ತರಕ್ಕೆ ಹೋಗಿದ್ದರು. ತಗ್ಗಿನ ತುದಿಯಲ್ಲಿ ಒಂದೇ ಒಂದು ಹಳೆಯ ಹೆಂಚಿನ ಮನೆ, ಮಣ್ಣಿನ ಗೋಡೆಯದು. ಅದು ಗಾರೆ ಕೆಲಸದ ಬಸವರಾಜು ಅವರದು. ಹೆಂಡತಿ ಮಾದೇವಮ್ಮ ಸ್ಕೂಲಿನಲ್ಲಿ ಬಿಸಿಯೂಟದ ಅಡುಗೆಯವರು. ಮಗಳು ಫ್ಯಾಕ್ಟರಿ ಬಸ್ಸು ಹಿಡಿದು ತಾಂಡ್ಯಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಹಿಂದೆ ಬೀದಿಯಿಂದ ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಯಂತೆ. ನಾನು ಹೋದಾಗ ರಸ್ತೆಗೂ ಹೊಸ್ತಿಲಿಗೂ ನಾಲ್ಕು ಬೆರಳು ಅಂತರ ಇತ್ತು.

ಗುದ್ದಲಿ ಪೂಜೆ ಮುಗಿದು ದೊಡ್ಡವರ ಕಾರು ಹೊರಟ ಮೇಲೆ ಮಾದೇವಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

"ಸಾ, ಈ ರಸ್ತೆ ಇನ್ನೂ ಮೇಲ್ಕೆ ಬತ್ತದಾ?"

"ಆರು ಇಂಚು ಬರುತ್ತಮ್ಮ."

"ಆರಿಂಚು ಬಂದ್ರೆ ನಮ್ಮ ಒಸ್ಲಿಗಿಂತ ಮೇಲ್ಕೆ ಓಯ್ತದಲ್ಲ ಸಾ. ಮಳೆ ನೀರು ಎಲ್ಗೋಗ್ಬೇಕು?"

"ಚರಂಡಿ ಮಾಡಿಸೋಣ."

"ಚರಂಡಿ ಆಮೇಲೆ ಮಾಡ್ಸೀರಂತೆ. ಈಗ ಈ ಹಳೇದ ಕಿತ್ತಾಕಿ ಸಾ. ಅಂಗ್ಳಕ್ಕೆ ಸಗಣಿ ಸಾರ್ಸೋವಾಗ್ಲೂ ಮದ್ಲು ಕಸ ಗುಡ್ಸಿ ತಾನೆ ಸಾರ್ಸೋದು?"

ಇಡೀ ಇಂಜಿನಿಯರಿಂಗ್ ಪುಸ್ತಕವನ್ನು ಆಕೆ ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಕೀಳುವುದಕ್ಕೆ ಎಸ್ಟಿಮೇಟಿನಲ್ಲಿ ಜಾಗ ಇಲ್ಲ ಎಂದು ನಾನು ಹೇಳಿದೆ. ಎಸ್ಟಿಮೇಟ್ ಬರೆದವನು ನಾನೇ ಎಂದು ಹೇಳಲಿಲ್ಲ.

"ಈ ದುಡ್ಡು ಯಾರ್ದು ಸಾ?" ಎಂದು ಕೇಳಿದರು.

"ಸರ್ಕಾರದ್ದಮ್ಮ. ನಿಮ್ಮ ಕೈಯಿಂದ ಒಂದು ಪೈಸೆಯೂ ಹೋಗಲ್ಲ," ಅಂದೆ. ಮೂವತ್ತು ವರ್ಷದಿಂದ ಊರೂರಲ್ಲಿ ಹೇಳಿ ನಾಲಿಗೆಗೆ ಅಂಟಿದ್ದ ಮಾತು.

ಆಗ ನಾನು ಮಾಡಬಹುದಾಗಿದ್ದ ಕೆಲಸ ಒಂದಿತ್ತು. ಎಸ್ಟಿಮೇಟ್ ಬದಲಿಸಿ, ಅಗೆತ ಸೇರಿಸಿ ಮೈಸೂರಿಗೆ ಕಳಿಸುವುದು. ಅದು ಅಲ್ಲಿ ಮೇಜಿನಿಂದ ಮೇಜಿಗೆ ಹೋಗಿ ಬರುವಷ್ಟರಲ್ಲಿ ಮಾರ್ಚ್ ಮುಗಿದು ದುಡ್ಡು ವಾಪಸು ಹೋಗುತ್ತಿತ್ತು. ಬೀದಿಯ ತುಂಬ ತಿಂಗಳುಗಟ್ಟಲೆ ಕೂಲಿ ಇಲ್ಲದೆ ಕೂತಿದ್ದ ಜನ ನಿಂತಿದ್ದರು. ಎತ್ತರದ ಮನೆಯವರೊಬ್ಬರು, "ಒಂದ್ ಮನೆಗೋಸ್ಕರ ಊರ್ ರಸ್ತೆ ನಿಲ್ಸದಾ ಸಾ? ಏನ್ ನ್ಯಾಯ ಇದು?" ಎಂದು ಶುರು ಮಾಡಿದರು. ಕರಣೆ, ಮಟ್ಟಗೋಲು ಹಿಡಿದು ಅದೇ ಗುಂಪಿನಲ್ಲಿ ನಿಂತಿದ್ದ ಬಸವರಾಜು ಹೆಂಡತಿಯ ಕಡೆ ತಿರುಗಿ, "ಸುಮ್ಕಿರು ಮಾದೇವಿ, ಕೆಲ್ಸ ಸುರುವಾಗ್ಲಿ" ಅಂದರು. ಅವರಿಗೂ ಅದೇ ರಸ್ತೆಯಲ್ಲಿ ಗಾರೆ ಕೆಲಸ ಸಿಕ್ಕಿತ್ತು. ಸುಳ್ಳು ಯಾಕೆ ಹೇಳಲಿ, ಆ ಹೊತ್ತು ನನಗೆ ಸಮಾಧಾನವೇ ಆಯಿತು. ಮನೆಯ ಯಜಮಾನನೇ ಒಪ್ಪಿದ ಮೇಲೆ ನನ್ನದೇನು ಎಂದುಕೊಂಡೆ.

ಎರಡನೆಯ ದಿನ ಕಾಂಕ್ರೀಟ್ ಬಸವರಾಜು ಮನೆಯ ಮುಂದಕ್ಕೆ ಬಂತು. ರಸ್ತೆ ನಡುವೆ ಉಬ್ಬಿ ಎರಡು ಪಕ್ಕಕ್ಕೂ ಸ್ವಲ್ಪ ಇಳಿಜಾರಿರಬೇಕು, ನೀರು ಇಬ್ಬದಿಗೆ ಹರಿಯಲಿ ಎಂದು. ನಾನು ಮಟ್ಟ ಹಿಡಿದು ನೋಡಿದರೆ ಅವರ ಬಾಗಿಲ ಮುಂದೆ ಮಾತ್ರ ಇಳಿಜಾರು ತಿರುಗಿತ್ತು. ಮನೆಯ ಕಡೆ ಏರಿಸಿ, ನೀರೆಲ್ಲ ಆಚೆ ಪಕ್ಕಕ್ಕೆ ಹೋಗುವ ಹಾಗೆ ಬಸವರಾಜು ಕರಣೆ ಆಡಿಸಿದ್ದರು. ಆಚೆ ಪಕ್ಕದಲ್ಲಿ ಮೂರು ಮೆಟ್ಟಿಲಿನ ಮನೆ, ಅವರಿಗೆ ಏನೂ ಆಗುತ್ತಿರಲಿಲ್ಲ. ನನಗೆ ಕೋಪ ಬಂತು. ಪರೀಕ್ಷೆಗೆ ಬರುವವರು ಮಟ್ಟ ಹಿಡಿದರೆ ಮಾತು ಕೇಳಬೇಕಾದವನು ನಾನು.

"ಏನು ಬಸವರಾಜು ಇದು? ನಿಮಗೊಂದು ರಸ್ತೆ, ಊರಿಗೊಂದು ರಸ್ತೆನಾ?"

ಅವರು ತಲೆ ಎತ್ತಲಿಲ್ಲ. "ಇಲ್ಲ ಸಾ, ಸರಿ ಮಾಡ್ತೀನಿ," ಅಂದರು. ಇನ್ನೂ ಹಸಿಯಾಗಿದ್ದ ಕಾಂಕ್ರೀಟನ್ನು ಕೆರೆದು, ಮಟ್ಟಗೋಲು ಎಳೆದು, ನಾನು ಹೇಳಿದ ಅಳತೆಗೆ ಸರಿಯಾಗಿ ತಮ್ಮದೇ ಬಾಗಿಲ ಕಡೆಗೆ ಇಳಿಜಾರು ಕೊಟ್ಟರು. ನುಣುಪಾಗಿ, ಒಂದು ಕಡೆಯೂ ತಪ್ಪಿಲ್ಲದ ಹಾಗೆ. ನಾನು ನಿಂತು ನೋಡಿದೆ. ನಾನು ಮೂವತ್ತು ವರ್ಷದಲ್ಲಿ ಮಾಡಿಸಿದ ಕೆಲಸಗಳಲ್ಲಿ ನನಗೆ ಈಗಲೂ ನಾಚಿಕೆ ತರುವುದು ಅದೊಂದು.

ತಿಂಗಳಾದ ಮೇಲೆ ಪರೀಕ್ಷೆಯವರು ಬಂದರು, ಕಾಂಕ್ರೀಟ್ ಕೊರೆದು ಗಟ್ಟಿತನ ನೋಡಿದರು, ಇಳಿಜಾರು ನೋಡಿದರು. "ತಾಲ್ಲೂಕಿನಲ್ಲೇ ಮಾದರಿ ಕೆಲಸ ಕಣ್ರೀ," ಅಂದರು. ಬೀದಿಯ ತುದಿಯಲ್ಲಿ ನಿಂತು ನಮ್ಮೆಲ್ಲರ ಫೋಟೋ ಆಯಿತು. ಆ ಫೋಟೋ ಮುಂದೆ ಯಾವುದೋ ಪುಸ್ತಿಕೆಯಲ್ಲಿ ಅಚ್ಚೂ ಆಯಿತು.

ಹಿಂಗಾರು ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಮಾದೇವಮ್ಮನ ಮಗಳು ಫೋನ್ ಮಾಡಿದಳು. "ಸರ್, ಒಂದ್ಸಲ ಬಂದು ನೋಡ್ಕೊಂಡು ಓಗಿ" ಎಂದಷ್ಟೇ ಹೇಳಿದಳು. ಹೋದೆ. ಮಳೆ ನಿಂತಿತ್ತು. ರಸ್ತೆ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು, ಒಂದು ಹನಿ ನೀರು ನಿಂತಿರಲಿಲ್ಲ. ಎಲ್ಲ ಅವರ ಮನೆಯೊಳಗಿತ್ತು. ಮಾದೇವಮ್ಮ ತಪ್ಪಲೆಯಲ್ಲಿ ಮೊಗೆದು ಮೊಗೆದು ಹಿತ್ತಲ ಬಾಗಿಲಿನಿಂದ ಹೊರಗೆ ಚೆಲ್ಲುತ್ತಿದ್ದರು. ರಾಗಿ ಮೂಟೆಯನ್ನು ಮಂಚದ ಮೇಲೆ ಇಟ್ಟಿದ್ದರು, ಕೆಳಗಿನ ಅರ್ಧ ಆಗಲೇ ನೆನೆದಿತ್ತು. ಹೊಸ್ತಿಲಿಗೆ ಬಳಿದ ಅರಿಸಿನ ನೀರಿನಲ್ಲಿ ಕದಡಿಹೋಗಿತ್ತು. ಬಸವರಾಜು ಬಾಗಿಲ ಪಕ್ಕದ ಗೋಡೆಯ ಬುಡಕ್ಕೆ ಬೆರಳು ಒತ್ತಿದರು. ಬೆರಳು ಒಳಕ್ಕೆ ಹೋಯಿತು.

"ಇಂಥ ಮಳೆ ಇನ್ನೆರಡು ಉಯ್ದ್ರೆ ಗೋಡೆ ನಿಲ್ಲಲ್ಲ ಸಾ," ಅಂದರು. ಗಾರೆಯವರ ಲೆಕ್ಕ. ನಾನೂ ನೋಡಿದೆ, ಲೆಕ್ಕ ಸರಿಯಾಗಿತ್ತು.

ಅವತ್ತೇ ಕೂತು ಚರಂಡಿಗೆ ಒಂದು ಎಸ್ಟಿಮೇಟ್ ಬರೆದು ಕಳಿಸಿದೆ. ಹದಿನೈದು ದಿನಕ್ಕೆ ಉತ್ತರ ಬಂತು. ಸದರಿ ಬೀದಿಯ ಕಾಮಗಾರಿ ಪೂರ್ಣಗೊಂಡಿದೆ ಎಂದು ನೀವೇ ವರದಿ ಮಾಡಿದ್ದೀರಿ, ಪೂರ್ಣಗೊಂಡ ಬೀದಿಗೆ ಮತ್ತೆ ಹಣ ಕೇಳಲು ಅವಕಾಶವಿಲ್ಲ, ಜೊತೆಗೆ ನಿಮ್ಮದೇ ಫೋಟೋ ಲಗತ್ತಿಸಿದೆ. ಆಗಿನ ಮೇಲಧಿಕಾರಿಯ ಹತ್ತಿರ ಹೋಗಿ ಗೋಗರೆದೆ. "ಪ್ಯಾಕೇಜ್ ಕ್ಲೋಸ್ ಆಗಿದೆ. ಆರ್ಥಿಕತೆ ಎದ್ದಿದೆಯಂತೆ, ಪೇಪರಿನಲ್ಲಿ ಬಂದಿದೆ ನೋಡಿ," ಎಂದು ಪೇಪರನ್ನೇ ನನ್ನ ಕಡೆ ತಳ್ಳಿದರು.

ಮಕ್ಕಳೇ, ಇಲ್ಲಿ ನಿಮಗೆ ಒಂದು ಮಾತು. ಮೊದಲನೆಯ ಫೋಟೋ ಒತ್ತುವುದಕ್ಕೆ ಮುಂಚೆ ಒಂದು ಸಲ ಹಿಂದಕ್ಕೆ ತಿರುಗಿ ನೋಡಿ. ಯಾರ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದೀರೋ ಅವರನ್ನು ಮಾತಾಡಿಸಿ. ಇದಕ್ಕೆ ಯಾವ ಆದೇಶವೂ ಬೇಕಾಗಿಲ್ಲ. ನಾನು ಇದನ್ನು ನಿವೃತ್ತಿಗೆ ಕೆಲವು ತಿಂಗಳು ಇರುವಾಗ ಕಲಿತೆ.

ಮಳೆಗಾಲ ಮುಗಿದ ಮೇಲೆ ಧೈರ್ಯ ಮಾಡಿ ಮತ್ತೆ ಅವರ ಮನೆಗೆ ಹೋದೆ. ಬೈಯಲಿ ಎಂದುಕೊಂಡೇ ಹೋದೆ. ಬಸವರಾಜು ಮನೆಯೊಳಗೆ ನೆಲ ಎತ್ತರಿಸುತ್ತಿದ್ದರು. ಮಣ್ಣು ತುಂಬಿ, ಜಲ್ಲಿ ಹಾಕಿ, ಮೇಲೆ ಸಿಮೆಂಟು. ಗೋಡೆಯ ಬುಡಕ್ಕೂ ಒಳಗಿನಿಂದ ಇಟ್ಟಿಗೆ ಕಟ್ಟಿದ್ದರು. ಎಲ್ಲ ಒಬ್ಬರೇ ಕೈಯಲ್ಲಿ. ದುಡ್ಡೆಲ್ಲಿಂದ ಬಂತು ಎಂದು ಕೇಳಿದೆ.

"ರಸ್ತೆ ಕೆಲ್ಸದಲ್ಲಿ ಕೂಲಿ ಬಂತಲ್ಲ ಸಾ, ಅದೇ. ಸಾಲ್ದಿದ್ದಕ್ಕೆ ಇವ್ಳು ಸಂಘದಲ್ಲಿ ಸಾಲ ಎತ್ತುದ್ಲು. ಮಗ್ಳು ಕಂತು ಕಟ್ತಾವ್ಳೆ."

ಮಾದೇವಮ್ಮ ಸಿಮೆಂಟು ಅಂಗಡಿಯ ಚೀಟಿ ತಂದು ನನ್ನ ಕೈಗೆ ಕೊಟ್ಟರು. "ಸಾ, ನೀವು ಓದೋರು. ಇದ್ರಲ್ಲಿ ಸಿಮೆಂಟ್ ರೇಟ್ ಒಂದದೆ, ಅದ್ರ ಕೆಳಿಕೆ ಇನ್ನೊಂದು ರೇಟ್ ಬರ್ದವ್ರೆ. ಅದ್ಯಾಕೆ?"

"ಅದು ತೆರಿಗೆ ಅಮ್ಮ."

"ಯಾರ್ಗೋಯ್ತದೆ?"

"ಸರ್ಕಾರಕ್ಕೆ."

"ಸರ್ಕಾರ ಏನ್ ಮಾಡ್ತದೆ ಅದ್ನ?"

ಬಸವರಾಜು ಕರಣೆ ನಿಲ್ಲಿಸಿ ಜೋರಾಗಿ ನಕ್ಕರು. "ರಸ್ತೆ ಆಕ್ತದೆ ಕಣಮ್ಮಿ. ಇನ್ನೇನ್ ಮಾಡ್ತದೆ?" ಮಾದೇವಮ್ಮನೂ ನಕ್ಕರು.

ಮೈಸೂರಿನ ಹೋಟೆಲಿನಲ್ಲಿ ತೋರಿಸಿದ ಚಕ್ರ ಸುಳ್ಳಲ್ಲ ಎಂದು ನನಗೆ ಅವತ್ತು ಖಾತ್ರಿಯಾಯಿತು. ಅದು ಒಂದೇ ಮನೆಯೊಳಗೆ ಪೂರ್ತಿ ಸುತ್ತಿತ್ತು. ಕೂಲಿ ಬಂದದ್ದೂ ಅದೇ ಮನೆಗೆ, ಅಂಗಡಿಗೆ ಹೋದದ್ದೂ ಅದೇ ಮನೆಯಿಂದ, ತೆರಿಗೆ ಕಟ್ಟಿದ್ದೂ ಅವರೇ. ದೇಶದ ಲೆಕ್ಕದಲ್ಲಿ ನನ್ನ ರಸ್ತೆಯೂ ಬೆಳವಣಿಗೆ, ಆ ರಸ್ತೆಯಿಂದ ತಪ್ಪಿಸಿಕೊಳ್ಳುವುದಕ್ಕೆ ಅವರು ಕೊಂಡ ಸಿಮೆಂಟೂ ಬೆಳವಣಿಗೆ. ಮಳೆ ಇನ್ನೂ ಜೋರಾಗಿ ಹೊಯ್ದು ಗೋಡೆ ಬಿದ್ದಿದ್ದರೆ ದೇಶ ಇನ್ನಷ್ಟು ಬೆಳೆಯುತ್ತಿತ್ತೇನೋ.

ನೆಲ ಎತ್ತರಿಸಿದರೆ ಸಾಲದು, ಹೊಸ್ತಿಲನ್ನೂ ಎತ್ತಬೇಕು. ಅದಕ್ಕೆ ಮಾತ್ರ ಮಾದೇವಮ್ಮ ತಿಂಗಳುಗಟ್ಟಲೆ ಒಪ್ಪಿರಲಿಲ್ಲವಂತೆ. "ಒಸ್ಲು ಕೀಳೋದು ಅಂದ್ರೆ ಉಡುಗಾಟ್ವಾ ಸಾ? ನಮ್ಮಾವ ನಿಲ್ಸಿದ್ದು. ಅದ್ರಡಿ ನವಧಾನ್ಯ ಆಕಿ, ಪೂಜೆ ಮಾಡಿ ನಿಲ್ಸಿದ್ರು. ನಾನು ಅದ್ನ ದಾಟ್ಕಂಡೇ ಈ ಮನೆಗ್ ಬಂದಿದ್ದು," ಅಂದರು. ಕೊನೆಗೆ ಒಂದು ಒಳ್ಳೆಯ ದಿನ ನೋಡಿ, ಕಾಯಿ ಒಡೆದು, ಬಸವರಾಜು ಅದನ್ನು ಮೀಟಿ ಎತ್ತಿ ಮುಕ್ಕಾಲು ಅಡಿ ಮೇಲೆ ಕೂರಿಸಿದರು. ಮೊದಲೇ ತಗ್ಗಾಗಿದ್ದ ಬಾಗಿಲು ಅಷ್ಟು ಗಿಡ್ಡವಾಯಿತು. ಅವತ್ತಿಡೀ ದಿನ ಮಾದೇವಮ್ಮ ಊಟ ಮಾಡಲಿಲ್ಲ ಎಂದು ಮಗಳು ಹೇಳಿದಳು. ನಾನು ಆ ದಿನ ಎಲ್ಲಿದ್ದೆ ಎಂದು ಆಮೇಲೆ ಡೈರಿ ತೆಗೆದು ನೋಡಿದೆ. ಮೈಸೂರಿನಲ್ಲಿದ್ದೆ, ಪ್ಯಾಕೇಜಿನ ಯಶಸ್ಸಿನ ಬಗ್ಗೆ ಸಭೆ ಇತ್ತು.

ಆಮೇಲೆ ನಿವೃತ್ತಿಯಾಯಿತು. ನಂಜನಗೂಡಿನ ಮನೆಯಲ್ಲಿ ಪೇಪರ್ ಓದಿಕೊಂಡು, ಸಂಜೆ ಹೊಳೆಯ ಕಡೆ ಹೋಗಿ ಬಂದುಕೊಂಡು ಇದ್ದೆ. ಮೊನ್ನೆ ನನ್ನ ಜಾಗಕ್ಕೆ ಬಂದಿರುವ ಸೌಮ್ಯ ಎಂಬ ಹೊಸ ಇಂಜಿನಿಯರ್ ಫೋನ್ ಮಾಡಿದರು. ಮತ್ತೆ ಯಾವುದೋ ಪ್ಯಾಕೇಜ್ ಬಂದಿದೆ, ಅದೇ ಕೆಳಬೀದಿಗೆ ಮತ್ತೊಂದು ಪದರ, ಮಾದರಿ ರಸ್ತೆ ಎಂದು ಹೆಸರಾದ ಬೀದಿಯಂತೆ, ಅದಕ್ಕೇ ಮೊದಲು ಆರಿಸಿದ್ದಾರಂತೆ. "ಸರ್, ನಿಮ್ಮ ಹಳೇ ಲೆವೆಲ್ ಲೆಕ್ಕ ಸಿಗುತ್ತಾ?" ಎಂದು ಕೇಳಿದರು. ಲೆಕ್ಕ ಕೊಡುತ್ತೇನೆ, ಆದರೆ ನನ್ನ ಜೊತೆ ಒಂದು ಮನೆಗೆ ಬರಬೇಕು ಅಂದೆ.

ಬಾಗಿಲಲ್ಲಿ ನಾವಿಬ್ಬರೂ ಸೊಂಟ ಬಗ್ಗಿಸಿ ಒಳಗೆ ಹೋದೆವು. ಒಳಗೂ ನಾನು ನೆಟ್ಟಗೆ ನಿಲ್ಲಲು ಒಂದೇ ಜಾಗ, ನಡುಮನೆಯ ಮಧ್ಯ. ಅಲ್ಲಿದ್ದ ಫ್ಯಾನನ್ನು ತಲೆಗೆ ಬಡಿಯುತ್ತದೆಂದು ಬಿಚ್ಚಿ ಮೂಲೆಯಲ್ಲಿಟ್ಟಿದ್ದರು. ಮಾದೇವಮ್ಮ ಕಾಫಿ ಕೊಟ್ಟರು. ಎಷ್ಟೋ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. "ಮಾದೇವಮ್ಮ, ನನ್ನದು ತಪ್ಪಾಯ್ತಮ್ಮ. ಅವತ್ತು ನೀವು ಹೇಳಿದಾಗ ರಸ್ತೆ ಕೀಳಿಸಬೇಕಿತ್ತು. ಬಸವರಾಜು ತಿರುಗಿಸಿದ ಇಳಿಜಾರನ್ನಾದರೂ ಹಾಗೇ ಬಿಡಬೇಕಿತ್ತು."

"ಬುಡಿ ಸಾ. ನೀವೊಬ್ರು ಬಂದು ಏಳುದ್ರಲ್ಲ," ಅಂದರು. ಅದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು.

ಸೌಮ್ಯ ಸುತ್ತ ನೋಡುತ್ತ ಕೂತಿದ್ದರು. ನನ್ನ ಹಾಗೆ ಜಾಣತನ ಮಾಡುವವರಲ್ಲ. "ಅಗೆತ ಸೇರಿಸಿ ಕಳಿಸಿದ್ದೆ ಸರ್," ಅಂದರು ಮೆಲ್ಲಗೆ. "ವಾಪಸ್ ಬಂತು. ಇದು ಮೇಲ್ಪದರದ ಸ್ಕೀಮು, ಕೀಳೋದಕ್ಕೆ ಬರಲ್ಲ ಅಂತ ಬರೆದಿದ್ದಾರೆ. ಮಾರ್ಚೊಳಗೆ ಮುಗಿಸದೇ ಇದ್ದರೆ ದುಡ್ಡು ಬೇರೆ ತಾಲ್ಲೂಕಿಗೆ ಹೋಗುತ್ತಂತೆ."

"ಈ ಸಲ ಎಷ್ಟೆತ್ರ ಬತ್ತದೆ?" ಮಾದೇವಮ್ಮ ಕೇಳಿದರು.

ಸೌಮ್ಯ ನನ್ನ ಮುಖ ನೋಡಿದರು. ಅವರ ಬಾಯಲ್ಲಿ ಹೇಳಿಸುವುದು ಬೇಡ ಅನ್ನಿಸಿತು. "ಆರು ಇಂಚು," ಅಂದೆ.

ಬಸವರಾಜು ಎದ್ದರು. ಟೇಪು ಬಿಚ್ಚಿ ನೆಲದಿಂದ ಬಾಗಿಲ ಮೇಲಿನ ತೊಲೆಯವರೆಗೆ ಅಳೆದರು. ಇನ್ನೊಂದು ಕಡೆಯಿಂದಲೂ ಅಳೆದರು. ಮನಸ್ಸಿನಲ್ಲೇ ಕಳೆದು ನೋಡಿಕೊಂಡು ಹೆಂಡತಿಗೆ ಹೇಳಿದರು, "ನೆಲ ಇನ್ನು ಎತ್ತಕಾಗದು ಮಾದೇವಿ. ಈ ಸಲ ಸೂರೇ ಎತ್ತಬೇಕು."

ಅವರು ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಸೌಮ್ಯ ಅವರ ಕಡೆ ತಿರುಗಿದರು.

"ರಸ್ತೆ ಕೆಲ್ಸ ಯಾವಾಗ ಸುರು ಮಾಡ್ತೀರಿ ಮೇಡಂ? ವಸಿ ಬೇಗ ಮಾಡಿ. ಆ ಕೂಲಿ ಬಂದ್ರೆ ಸೂರಿಗೆ ಆಯ್ತದೆ."